ನಂಜಿನ ಪಥ್ಯ

ಅವ್ವನ ಕುತ್ತಿಗೆಯ ಸುತ್ತ ಕಪ್ಪು ಪಟ್ಟಿ ಕಾಣಿಸಿದ್ದು ಬೇಸಿಗೆಯ ಆರಂಭದಲ್ಲಿ. ಮುಂಗೈಗಳೂ ಕಪ್ಪಾಗಿ, ಬಿರಿದು, ಸಿಪ್ಪೆ ಏಳುತ್ತಿದ್ದವು. ಬಿಸಿಲಿಗೆ ಹೋದರೆ ಉರಿ. ಹೊಸಹಳ್ಳಿ ಕಡೆಯ ನಮ್ಮೂರಿನಲ್ಲಿ ಬಿಸಿಲಿಲ್ಲದ ಕೂಲಿ ಎಲ್ಲಿದೆ?

"ನಂಜಾಗೈತಿ," ಎಂದಳು ಪಕ್ಕದ ಮನೆಯ ದೊಡ್ಡವ್ವ. "ಪಥ್ಯ ಮಾಡಸವ್ವ. ಬ್ಯಾಳಿ, ಬದ್ನಿಕಾಯಿ, ಶೇಂಗಾ, ತತ್ತಿ ಒಂದೂ ಮುಟ್ಟಬಾರದು."

ನನಗೆ ಹತ್ತೊಂಬತ್ತು. ಮನೆಯಲ್ಲಿ ನಾವಿಬ್ಬರೇ. ಹಟದವಳು ನಾನು, ಹಿಡಿದ ಕೆಲಸ ಬಿಡುವವಳಲ್ಲ. ಎರಡು ತಿಂಗಳು ಅವ್ವನಿಗೆ ಜೋಳದ ರೊಟ್ಟಿ, ಉಪ್ಪು, ಜೋಳದ ಗಂಜಿ. ಅಷ್ಟೇ. ಬಿತ್ತನೆಗೆಂದು ಶೇಂಗಾ ಸುಲಿಯುವ ಕೂಲಿಗೆ ಇಬ್ಬರೂ ಸಾಹುಕಾರರ ಮನೆಗೆ ಹೋಗುತ್ತಿದ್ದೆವು. ಮುರಿದ ಬೀಜ ಬಾಯಿಗೆ ಹಾಕಿಕೊಂಡರೆ ಅಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಒಂದು ದಿನ ಅವ್ವ ಹಾಕಿಕೊಂಡಳು. ಎಲ್ಲರ ಎದುರು ಅವಳ ದವಡೆ ಹಿಡಿದು ಉಗುಳಿಸಿದೆ.

ಅವ್ವನ ನಾಲಿಗೆ ಕೆಂಡದಂತಾಯಿತು. ಭೇದಿ ನಿಲ್ಲಲಿಲ್ಲ. ಪಥ್ಯ ಸಾಲದೆಂದು ಮಜ್ಜಿಗೆಯನ್ನೂ ಬಿಡಿಸಿದೆ. ಆಮೇಲೆ ಮಾತು ಅಡ್ಡಾದಿಡ್ಡಿಯಾಯಿತು. ಒಂದು ಬೆಳಿಗ್ಗೆ ರೊಟ್ಟಿ ಕೊಟ್ಟರೆ ನನ್ನ ಮುಖವನ್ನೇ ನೋಡುತ್ತ ಕೇಳಿದಳು:

"ಯಾರ ಮಗಳವ್ವ ನೀ?"

ಬಸ್ಸಿನಲ್ಲಿ ಕೂಡ್ಲಿಗಿಯ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಕೈ ನೋಡಿದರು, ಕುತ್ತಿಗೆ ನೋಡಿದರು. "ಏನು ಉಣ್ತಾಳ ನಿಮ್ಮವ್ವ?" ಹೆಮ್ಮೆಯಿಂದಲೇ ಪಥ್ಯವೆಲ್ಲ ಒಪ್ಪಿಸಿದೆ. ಅವರು ಪೆನ್ನು ಕೆಳಗಿಟ್ಟರು.

"ಇದು ಪೆಲಾಗ್ರ. ಬರೇ ಜೋಳ ಉಂಡವರಿಗೆ ಬರೋ ವಿಟಮಿನ್ ಕೊರತೆ. ನೀ ಏನೇನು ಬಿಡಿಸಿದ್ಯೋ, ಅವಾ ಇದಕ್ಕ ಔಷಧ ನೋಡವ್ವ."



ಪಥ್ಯದ ಮೊದಲೂ ನಮ್ಮದು ದೊಡ್ಡ ಊಟವೇನಲ್ಲ. ಇದ್ದ ಬೇಳೆಯ ಗಟ್ಟಿಯನ್ನು ಅವ್ವ ನನಗೆ ಬಡಿಸಿ, ತಿಳಿಯಲ್ಲಿ ತಾನು ರೊಟ್ಟಿ ಅದ್ದಿಕೊಳ್ಳುತ್ತಿದ್ದಳು. ಬಡತನ ಅರ್ಧ ಮಾಡಿದ್ದನ್ನು ನನ್ನ ಶ್ರದ್ಧೆ ಪೂರ್ತಿ ಮಾಡಿತ್ತು. ವಾರ್ಡಿನಲ್ಲಿ ಅಂಥದೇ ಕಪ್ಪು ಕುತ್ತಿಗೆಯ ಹೆಂಗಸರು ಇನ್ನೂ ಇಬ್ಬರಿದ್ದರು. ಅವರೂ ಪಥ್ಯದಲ್ಲಿದ್ದವರೇ.

ಗುಳಿಗೆ, ಇಂಜೆಕ್ಷನ್, ಹಾಲು, ತತ್ತಿ. ಭೇದಿ ನಿಂತಿತು. ಅವ್ವನಿಗೆ ನನ್ನ ಗುರುತು ಮಾತ್ರ ಹತ್ತಲಿಲ್ಲ. ನರ್ಸ್ ಎಂದುಕೊಂಡು "ಬರ್ರಿ, ಕುಂದರ್ರಿ" ಎನ್ನುತ್ತಿದ್ದಳು. ಹೆತ್ತವಳಿಂದ ಮರ್ಯಾದೆ ಮಾಡಿಸಿಕೊಳ್ಳುವ ಪಾಡು ಶತ್ರುವಿಗೂ ಬೇಡ.

ಆರನೆಯ ದಿನ ನಾನು ನೀರು ಹಿಡಿದು ಬರುವಾಗ ಪಕ್ಕದ ಮಂಚದವಳಿಗೆ ನನ್ನನ್ನು ತೋರಿಸುತ್ತಿದ್ದಳು.

"ಇಕಿ ನನ್ನ ಮಗಳು. ಭಾಳ ಗಟ್ಟಿಗಿತ್ತಿ. ಎರಡು ತಿಂಗಳು ಹೆಂಗ ಪಥ್ಯ ಮಾಡಿಸ್ಯಾಳ ನೋಡು. ಅದಕ್ಕಾ ನಾನು ಉಳಿದೀನಿ."

ನೀರಿನ ಲೋಟ ಅವಳ ಕೈಗಿಟ್ಟೆ. ಮನೆಗೆ ಬಂದು ತಿಂಗಳಾಯಿತು, ಆ ಮಾತನ್ನು ಇನ್ನೂ ತಿದ್ದಿಲ್ಲ. ಮಗಳು ಎಂದಳಲ್ಲ.