ಓನರ್ ಬಾಯಲ್ಲಿ ಇಂಪೆಕಬಲ್

ಇಂಪೆಕಬಲ್ ಎಂಬ ಪದವನ್ನು ಮೇ ತಿಂಗಳಲ್ಲಿ ಮೂರು ಸಲ ಕೇಳಿದೆನೆಂದು ನನ್ನ ಡೈರಿಯಲ್ಲಿದೆ. ಇಂದಿರಾನಗರದ ನಮ್ಮ ಆಫೀಸಿನಲ್ಲಿ ಮ್ಯಾನೇಜರ್ ಒಬ್ಬರ ಇಂಗ್ಲಿಷಿನ ಬಗ್ಗೆ, ಸಹೋದ್ಯೋಗಿಯೊಬ್ಬಳ ಉಡುಪಿನ ಬಗ್ಗೆ, ಒಂದು ಹೋಟೆಲಿನ ಸರ್ವಿಸ್ ಬಗ್ಗೆ. ಎಷ್ಟು ಹುಡುಕಿದರೂ ತಪ್ಪು ಸಿಗದಂಥದ್ದು ಎಂದು ಅರ್ಥ. ತಮ್ಮ ಬಗ್ಗೆ ತಾವೇ ಯಾರೂ ಹಾಗೆ ಹೇಳಿಕೊಳ್ಳಲಿಲ್ಲ. ಅದು ಬೇರೆಯವರ ಬಾಯಿಂದ ಬರಬೇಕಾದ ಮಾತು.

ಜೂನ್ ಮೊದಲ ವಾರ ನನಗೆ ಅಂಥ ಒಂದು ಬಾಯಿ ಬೇಕಾಯಿತು. ಅಪ್ಪ ಓಡಿಸಿ ರಾತ್ರಿ ಮನೆಯಲ್ಲೇ ನಿಲ್ಲಿಸುತ್ತಿದ್ದ ಗೂಡ್ಸ್ ಗಾಡಿಯನ್ನು ಅದರ ಮಾಲೀಕರು ಮಾರಿಬಿಟ್ಟಿದ್ದರು. ಕೆಲಸವಿಲ್ಲದೆ ಕೂತಿದ್ದ ಅಪ್ಪನಿಗೆ ಕಮ್ಮನಹಳ್ಳಿ ಕಡೆಯ ಶಾಲೆಯೊಂದರಲ್ಲಿ ಬಸ್ ಡ್ರೈವರ್ ಕೆಲಸ ಸಿಗುವ ಹಾಗಿತ್ತು. ಅದಕ್ಕೆ ಮೊದಲು ಬೈಯಪ್ಪನಹಳ್ಳಿಯ ನಮ್ಮ ಮನೆ ಓನರಿಗೆ ಫೋನ್ ಮಾಡಿ ವಿಚಾರಿಸುತ್ತೇವೆ ಎಂದು ಶಾಲೆಯವರು ಹೇಳಿದ್ದರು. ಅಪ್ಪ ಆ ವಾರವೇ ನೀರಿನ ವಿಷಯಕ್ಕೆ ಓನರ್ ಜೊತೆ ಜಗಳವಾಡಿದ್ದರು.

ಭಾನುವಾರ ಬೆಳಿಗ್ಗೆ ನಮ್ಮ ಮಹಡಿಯಿಂದ ಕೆಳಗೆ ಹೋದೆ. ಓನರ್ ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದರು.

"ಅಂಕಲ್, ಸ್ಕೂಲಿನವರು ಅಪ್ಪನ ಬಗ್ಗೆ ಕೇಳಿದ್ರೆ ಇಂಪೆಕಬಲ್ ಅಂದ್ಬಿಡಿ. ಅಷ್ಟೇ ಸಾಕು."

"ಹಂಗಂದ್ರೆ?"

"ಒಂದೂ ತಪ್ಪಿಲ್ಲ ಅಂತ."

ಅವರು ಪೇಪರ್ ಮಡಿಚಿದರು. "ಯಾರಿಗೆ, ನಿಮ್ಮಪ್ಪಂಗಾ? ಮೊನ್ನೆ ಮೋಟಾರ್ ಹಾಕ್ಲಿಲ್ಲ ಅಂತ ಬೀದಿಗೆಲ್ಲಾ ಕೇಳೋ ಹಂಗೆ ಕೂಗಾಡಿದ್ನಲ್ಲಮ್ಮಾ! ಗುಡ್ ಅಂತೀನಿ. ಬೇಕಾದ್ರೆ ವೆರಿ ಗುಡ್. ಇದು ಮಾತ್ರ ಆಗಲ್ಲ."

"ವೆರಿ ಗುಡ್ ಅಂತ ಎಲ್ರೂ ಹೇಳ್ತಾರೆ ಅಂಕಲ್."

"ಹೇಳ್ಲಿ. ಸುಳ್ಳು ಹೇಳು ಅಂದ್ರೆ ಹೆಂಗೆ?"

ಒಳಗಿಂದ ಅವರ ಹೆಂಡತಿ ಅಂದರು, "ನೀವೇನ್ ಕಮ್ಮಿ ಕೂಗಿದ್ರಾ? ಒಂದ್ ಮಾತು ತಾನೇ, ಹೇಳ್ರೀ."

"ನೀನ್ ಸುಮ್ನಿರೇ," ಎಂದವರು ನನ್ನಿಂದ ಆ ಪದವನ್ನು ಇನ್ನೊಮ್ಮೆ ಹೇಳಿಸಿದರು. ಹೇಳುತ್ತೇನೆ ಎಂದು ಮಾತ್ರ ಒಪ್ಪಲಿಲ್ಲ.

ಮಂಗಳವಾರ ಸಂಜೆ ನಾನು ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಓನರ್ ನನ್ನನ್ನು ಕೈಬೀಸಿ ಕರೆದು ಫೋನನ್ನು ಸ್ಪೀಕರಿಗೆ ಹಾಕಿದರು. ಶಾಲೆಯ ಬಸ್ಸುಗಳನ್ನು ನೋಡಿಕೊಳ್ಳುವ ಮೇಡಂ ಮಾತಾಡುತ್ತಿದ್ದರು.

"ಗಾಡಿ ಓಡಿಸೋದ್ರಲ್ಲಿ ಇಂಪೆಕಬಲ್, ಮೇಡಂ," ಎಂದರು ಓನರ್. "ನಮ್ ಗೇಟಲ್ಲಿ ಗಾಡಿ ನುಗ್ಗಿದ್ರೆ ಆ ಕಡೆ ಈ ಕಡೆ ಅಂಗೈಯಷ್ಟು ಜಾಗ. ನಾಲ್ಕು ವರ್ಷ ದಿನಾ ರಿವರ್ಸ್ ತಗೊಂಡಿದಾನೆ, ಪೇಂಟ್ ಕೂಡ ಕಿತ್ತಿಲ್ಲ. ನನ್ ಮಗ ಕಾರ್ ತಂದ ವಾರಕ್ಕೇ ಕಂಬಕ್ಕೆ ಗುದ್ದಿದ. ಆದ್ರೆ ಬಾಯಿ ಇದ್ಯಲ್ಲಾ, ಅದು ಇಂಪೆಕಬಲ್ ಅಲ್ಲ."

ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಫೋನಿನ ಹತ್ತಿರಕ್ಕೆ ಬಂದೆ.

"ಬಾಯಿ ಅಂದ್ರೆ? ಕುಡೀತಾರಾ?"

"ಅಯ್ಯೋ, ಇಲ್ಲ ಇಲ್ಲ! ಜಗಳ. ನೀರು ಬಿಡ್ಲಿಲ್ಲ ಅಂತ ನನ್ ಮೇಲೆ."

"ಮಕ್ಕಳ ಮೇಲೆ ಕೂಗ್ತಾರಾ?"

ಓನರ್ ತುಸು ಯೋಚಿಸಿದರು. "ಗಾಡಿ ಹಿಂದೆ ಹುಡುಗ್ರು ಆಡ್ತಿದ್ರೆ ಇಳಿದು ಬಂದು, ಒಬ್ಬೊಬ್ರನ್ನೇ ಪಕ್ಕಕ್ಕೆ ನಿಲ್ಸಿ, ಆಮೇಲೆ ಗಾಡಿ ತೆಗೀತಾನೆ. ಒಂದಿನಾನೂ ಗದರಿದ್ದು ನಾನ್ ನೋಡಿಲ್ಲ."

"ಸರಿ ಸರ್. ನಾಳೆ ಏಳಕ್ಕೆ ಲೈಸೆನ್ಸ್ ತಗೊಂಡು ಬರೋಕೆ ಹೇಳಿ. ಕೆಲಸ ಅವರಿಗೇ."

ಮೇಲೆ ಹೋಗಿ ಹೇಳಿದೆ. ನಾವು ಕಲಬುರಗಿ ಕಡೆಯವರು. ಮನೆಯಲ್ಲಿ ಅಲ್ಲಿಯ ಮಾತೇ.

"ಆ ಮನಷಾ ನನ್ನ ಬಗ್ಗೆ ಏನಂದಾ?" ಅಪ್ಪ ಮೊದಲು ಕೇಳಿದ್ದು ಅದನ್ನೇ.

"ಗಾಡಿ ಹೊಡಿಯೋದ್ರಾಗ ಒಂದೂ ತಪ್ಪಿಲ್ಲ ಅಂದ್ರು. ಬಾಯಿ ಜೋರು ಅಂದ್ರು."

"ಖರೇನೇ ಹೇಳ್ಯಾನ ಬಿಡವ್ವಾ," ಎಂದು ಅಪ್ಪ ಲೈಸೆನ್ಸ್ ಹುಡುಕಲು ಎದ್ದರು.