ಖಮ್‌ಪಾನನ ಇಲಿಗಳು

ನಮ್ಮೂರಲ್ಲಿ ಇಷ್ಟೊಂದು ಬೆಕ್ಕುಗಳು ಯಾಕೆ ಎಂದು ಲಂಪಾಂಗ್ ಪಟ್ಟಣದ ಕಡೆಯಿಂದ ಬಂದವರು ಕೇಳುತ್ತಾರೆ. ಅದಕ್ಕೆ ಕಾರಣ ನನ್ನ ನೂಡಲ್ ಅಂಗಡಿಯ ಎದುರಿಗೆ ಗ್ಯಾರೇಜ್ ಇಟ್ಟಿರುವ ಖಮ್‌ಪಾನ್. ಅವನ ಪ್ರಕಾರ ಈ ಊರಿನ ಯಾವ ಗಾಡಿಯೂ ಯಜಮಾನನ ತಪ್ಪಿನಿಂದ ಕೆಟ್ಟಿದ್ದೇ ಇಲ್ಲ. ಎಲ್ಲವನ್ನೂ ಕೆಡಿಸಿದ್ದು ಇಲಿ.

ಪೊಲೀಸ್ ಸಾರ್ಜೆಂಟ್ ಸಾಹೇಬರು ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದಾಗ, ಇಲಿ ಪೈಪು ಕಡಿದು ಎಣ್ಣೆ ಕೆಟ್ಟಿದೆ ಎಂದ. ಊರ ಮುಖಂಡನ ಮಗ ಕುಡಿದು ಬೌದ್ಧ ವಿಹಾರದ ಗೋಡೆಗೆ ಗುದ್ದಿದಾಗ ಬ್ರೇಕಿನ ಪೈಪಿನ ಮೇಲೆ ಹಲ್ಲಿನ ಗುರುತು ಕಂಡಿತಂತೆ. ಕಂಡದ್ದು ಇವನೊಬ್ಬನಿಗೇ. ಎಲ್ಲರೂ ಮರ್ಯಾದೆ ಉಳಿಯಿತೆಂದು ನಗುನಗುತ್ತಾ ಹೋದರು, ಹೋಗುವ ದಾರಿಯಲ್ಲಿ ಒಂದು ಬೆಕ್ಕಿನ ಮರಿಯನ್ನೂ ಹುಡುಕಿಕೊಂಡರು.

ಹಾಗಂತ ಅವನನ್ನು ಸುಳ್ಳುಗಾರ ಎನ್ನುವುದು ಹೇಗೆ? ಹಿರಿಯರ ಎದುರು ನಿಂತು "ನೀವು ಮಾಡಿದ್ದು ತಪ್ಪು" ಎನ್ನುವುದು ನಮ್ಮಲ್ಲಿ ಕೆನ್ನೆಗೆ ಹೊಡೆದದ್ದಕ್ಕೆ ಸಮ. ಉಳಿದವರು ಈ ನಯವನ್ನು ಅಷ್ಟೋ ಇಷ್ಟೋ ಪಾಲಿಸುತ್ತೇವೆ. ಖಮ್‌ಪಾನ್ ಅದನ್ನೇ ಕಸುಬು ಮಾಡಿಕೊಂಡಿದ್ದ. ನನ್ನ ಸಾರಿಗೆ ಉಪ್ಪು ಜಾಸ್ತಿಯಾದ ದಿನವೂ ಬಟ್ಟಲು ಖಾಲಿ ಮಾಡಿ "ಇವತ್ತು ಭಾರೀ ರುಚಿ ಬುವಾಲೋಯ್" ಎಂದು ನನ್ನ ಹೆಸರು ಹಿಡಿದು ಹೊಗಳಿ, ಗ್ಯಾರೇಜಿಗೆ ಹೋಗಿ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ.

ಅವನ ಹತ್ತಿರ ಗಾಡಿಯ ದೋಷ ಪತ್ತೆಹಚ್ಚುವ ಒಂದು ಸ್ಕ್ಯಾನರ್ ಇದೆ. ಗಾಡಿಗೆ ಸಿಕ್ಕಿಸುವ ಮೊದಲು ಅದಕ್ಕೆ ಕೈ ಮುಗಿಯುತ್ತಾನೆ. ಇಡೀ ಊರಿನಲ್ಲಿ ಯಾರ ಮುಖವನ್ನೂ ನೋಡದೆ ಇದ್ದದ್ದು ಇದ್ದ ಹಾಗೆ ಹೇಳುವುದು ಅದೊಂದೇ. ಅದು ಹೇಳಿದ್ದನ್ನು ಓದಿಕೊಂಡು, ಗಿರಾಕಿಗೆ ಕಾಣದ ಹಾಗೆ ಪರದೆಯನ್ನು ಗೋಡೆಯ ಕಡೆ ತಿರುಗಿಸಿ, ಇವನು "ಇಲಿ" ಎನ್ನುತ್ತಾನೆ.

ಕಳೆದ ಮಳೆಗಾಲದಲ್ಲಿ ಸೀಫನ್ ಟೀಚರಮ್ಮನ ವ್ಯಾನ್ ಬಂತು. ಖಮ್‌ಪಾನನಿಗೂ ನನಗೂ ಅಕ್ಷರ ಕಲಿಸಿದವರು ಅವರೇ. ನಿವೃತ್ತರಾದ ಮೇಲೆ ಹಳೆಯ ವ್ಯಾನೊಂದನ್ನು ಕೊಂಡು, ನಮ್ಮೂರ ಮಕ್ಕಳನ್ನು ಘಟ್ಟದ ಆಚೆಯ ಶಾಲೆಗೆ ತಾವೇ ಬಿಟ್ಟು ಬರುತ್ತಾರೆ. ನನ್ನ ಮೊಮ್ಮಗಳು ಫಾಯ್ ಹೋಗುವುದೂ ಅದರಲ್ಲೇ. ವ್ಯಾನಿನ ವೈಪರ್ ನಿಂತಿತ್ತು, ಗಾಜಿಗೆ ನೀರು ಚಿಮ್ಮುವುದೂ ನಿಂತಿತ್ತು.

ವೈಪರನ್ನು ನಿಯಂತ್ರಿಸುವ ಡಬ್ಬಿ ಕೇಳಿದ್ದಕ್ಕೆ ಉತ್ತರ ಕೊಡುತ್ತಿಲ್ಲ ಎಂದಿತು ಸ್ಕ್ಯಾನರ್. ಖಮ್‌ಪಾನ್ ಡ್ಯಾಶ್‌ಬೋರ್ಡಿನಿಂದ ವೈಪರಿನವರೆಗೆ ವೈರು ತಡಕಿದ, ಎಲ್ಲೂ ತುಂಡಾಗಿರಲಿಲ್ಲ. ಕೊನೆಗೆ ನೋಡಿದರೆ ಫ್ಯೂಸ್ ಸುಟ್ಟಿತ್ತು, ಕರೆಂಟೇ ಇಲ್ಲದ ಡಬ್ಬಿ ಉತ್ತರ ಕೊಡುವುದೆಲ್ಲಿಂದ? ಹೊಸದು ಹಾಕಿದ, ವೈಪರ್ ಓಡಿತು. ಗಾಜಿಗೆ ನೀರು ಬಿಡುವ ಕಡ್ಡಿ ಎಳೆದ, ಮತ್ತೆ ಫ್ಯೂಸ್ ಸುಟ್ಟು ವೈಪರ್ ಸುಮ್ಮನಾಯಿತು. ನೀರಿನ ಪಂಪಿಗೂ ವೈಪರಿಗೂ ಇದ್ದದ್ದು ಒಂದೇ ಫ್ಯೂಸ್. ಪಂಪಿಗೆ ಏನೋ ಸಿಕ್ಕಿಹಾಕಿಕೊಂಡಿದೆ ಎಂದು ನೀರಿನ ಟ್ಯಾಂಕ್ ಬಿಚ್ಚಿದ.

ನಾನು ಅವನಿಗೆ ನೂಡಲ್ ಕೊಡಲು ಹೋದವಳು ಅಲ್ಲೇ ನಿಂತು ನೋಡಿದೆ. ಟ್ಯಾಂಕಿನ ತುಂಬ ಅರಿಸಿನದ ನೀರು, ಅದರಲ್ಲಿ ಉಬ್ಬಿದ ಸೀಗೆಕಾಯಿ, ಚೆಂಡುಹೂವಿನ ಎಸಳು.

ಫ್ಯಾನಿನ ಕೆಳಗೆ ಕೂತಿದ್ದ ಟೀಚರಮ್ಮ ಹೆಮ್ಮೆಯಿಂದ ಹೇಳಿದರು, "ಹುಣ್ಣಿಮೆ ಹುಣ್ಣಿಮೆಗೂ ವಿಹಾರದ ಗುರುಗಳ ಹತ್ರ ನೀರು ಮಂತ್ರಿಸಿಕೊಂಡು ಬಂದು ಅದ್ರಲ್ಲೇ ಹಾಕ್ತೀನಿ ಕಣೋ. ಕಡ್ಡಿ ಎಳೆದ್ರೆ ಸಾಕು, ಇಡೀ ಗಾಜಿಗೆ ಪ್ರೋಕ್ಷಣೆ ಆಗುತ್ತೆ. ಮಕ್ಕಳು ಓಡಾಡೋ ಗಾಡಿ ನೋಡು."

"ಬಹಳ ಒಳ್ಳೇ ಯೋಚನೆ ಟೀಚರಮ್ಮ."

"ಮತ್ತೆ ಕೆಟ್ಟಿದ್ದು ಯಾಕೋ?"

ಖಮ್‌ಪಾನ್ ಕೈಯಲ್ಲಿದ್ದ ಸೀಗೆಕಾಯಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿ, "ಇಲಿ ಟೀಚರಮ್ಮ" ಎಂದ.

ಟ್ಯಾಂಕ್ ತೊಳೆದು ಹೊಸ ಪಂಪ್ ಹಾಕಿ ಕಳಿಸಿದ. ಇಲಿಗಳ ಕಾಟ ಇಷ್ಟಿದೆ ಎಂದ ಮೇಲೆ ಟೀಚರಮ್ಮ ಸುಮ್ಮನಿರುತ್ತಾರೆಯೇ? ಮಂತ್ರದ ನೀರನ್ನು ಎರಡರಷ್ಟು ಮಾಡಿದರು. ವ್ಯಾನ್ ಮತ್ತೆ ಬಂತು. ಈ ಸಲ ನಮ್ಮ ಜಾಣ, ಇಲಿ ನುಗ್ಗದಿರಲಿ ಎಂದು ಹೇಳಿ ಟ್ಯಾಂಕಿನ ಬಾಯಿಗೆ ಒಂದು ಜರಡಿ ಕೂರಿಸಿದ. ನೀರು ಬೇಗ ಇಳಿಯುವುದಿಲ್ಲ ಎಂದು ಟೀಚರಮ್ಮ ಮನೆಗೆ ಹೋಗಿ ಅದನ್ನು ಕಿತ್ತು ಬಿಸಾಕಿದರು, ವ್ಯಾನಿನೊಳಗೆ ಒಂದು ಬೆಕ್ಕನ್ನೂ ಕಟ್ಟಿದರು. ನಾನು ಇದನ್ನೆಲ್ಲ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಒಂದು ಸಂಜೆ ಫಾಯ್ ಒದ್ದೆಯಾಗಿ ಮನೆಗೆ ಬಂದಳು. "ಅಜ್ಜೀ, ಘಟ್ಟದಲ್ಲಿ ವೈಪರ್ ನಿಂತೋಯ್ತು. ಟೀಚರಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕ್ಕೊಂಡು ಓಡಿಸಿದ್ರು. ಲಾರಿ ಇಷ್ಟು ಹತ್ರ ಬಂತು. ನಾವೆಲ್ಲ ಬುದ್ಧಂ ಶರಣಂ ಹೇಳ್ತಾ ಇದ್ವಿ."

ನನ್ನ ನಗು ಅಲ್ಲಿಗೆ ನಿಂತಿತು. ಈರುಳ್ಳಿ ಹೆಚ್ಚುತ್ತಿದ್ದ ಕತ್ತಿಯನ್ನು ಹಿಡಿದುಕೊಂಡೇ ರಸ್ತೆ ದಾಟಿದೆ. ಟೀಚರಮ್ಮನ ವ್ಯಾನ್ ಗ್ಯಾರೇಜಿನಲ್ಲೇ ಇತ್ತು, ಖಮ್‌ಪಾನ್ ಕೆಟ್ಟ ಪಂಪನ್ನು ಹಾಗೇ ಬಿಟ್ಟು ಮತ್ತೊಂದು ಫ್ಯೂಸ್ ಹಾಕುತ್ತಿದ್ದ.

"ಲೋ, ನಿನ್ನ ಬಾಯಿಗೇನು ಬೀಗ ಬಿದ್ದಿದೆಯಾ? ಮಕ್ಕಳು ಸತ್ತ ಮೇಲೆ ಹೇಳ್ತೀಯಾ?"

"ಕತ್ತಿ ಕೆಳಗಿಡು ಬುವಾಲೋಯ್. ಅಕ್ಷರ ಕಲಿಸಿದೋರಿಗೆ ಹೆಂಗೆ ಹೇಳ್ಲಿ? ಮನಸ್ಸಿಗೆ ನೋವಾಗುತ್ತೆ ಅವ್ರಿಗೆ."

"ನಾನು ಹೇಳ್ತೀನಿ ಬಿಡು."

"ಹೇಳು ಹೋಗು. ಫ್ಯಾನ್ ಕೆಳಗೇ ಕೂತಿದ್ದಾರೆ."

ನಾನು ಹೋದೆ. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು "ಏನಮ್ಮಾ ಬುವಾಲೋಯ್?" ಎಂದರು. ನಾನು ಕತ್ತಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಊಟ ಆಯ್ತಾ ಎಂದು ಕೇಳಿ ವಾಪಸ್ ಬಂದೆ. ನನ್ನ ಮೇಲೆ ನನಗೇ ಬಂದ ಸಿಟ್ಟನ್ನೆಲ್ಲ ಖಮ್‌ಪಾನನ ಮೇಲೆ ತೀರಿಸಿದೆ.

"ನಾಳೆ ಬೆಳಿಗ್ಗೆ ಆ ವ್ಯಾನಲ್ಲಿ ನಾನೂ ಹೋಗ್ತೀನಿ, ನೀನೂ ಹತ್ತು. ನಿನ್ನ ಇಲಿ ನಂಬ್ಕೊಂಡು ನನ್ನ ಮೊಮ್ಮಗಳು ಹೋಗ್ಬೋದಾದ್ರೆ ನಿನಗೇನು ಧಾಡಿ?"

ಬೆಳಿಗ್ಗೆ ಅವನು ಮುಂದೆ ಟೀಚರಮ್ಮನ ಪಕ್ಕ ಕೂತ, ನಾನು ಹಿಂದೆ ಮಕ್ಕಳ ನಡುವೆ. ಘಟ್ಟ ಹತ್ತುವಾಗ ಮಳೆ ಹಿಡಿಯಿತು. ವೈಪರ್ ಚೆನ್ನಾಗಿಯೇ ಓಡುತ್ತಿತ್ತು. ಅಷ್ಟರಲ್ಲಿ ಮುಂದಿನ ಲಾರಿ ಗಾಜಿನ ಮೇಲೆ ಕೆಸರು ಎರಚಿತು. ಟೀಚರಮ್ಮ ನೀರಿನ ಕಡ್ಡಿಗೆ ಕೈ ಹಾಕಿದರು. ಖಮ್‌ಪಾನನ ಬಾಯಿ ತೆರೆಯಿತು, ಮುಚ್ಚಿತು. ಅವರು ಎಳೆದೇಬಿಟ್ಟರು. ವೈಪರ್ ಗಾಜಿನ ನಟ್ಟನಡುವೆ ನಿಂತಿತು, ಎದುರಿನಿಂದ ದೊಡ್ಡ ಹಾರನ್ ಕೇಳಿಸಿತು, ನನಗೆ ಕೆಸರು ಬಿಟ್ಟು ಬೇರೇನೂ ಕಾಣಲಿಲ್ಲ.

"ಎಡಕ್ಕೆ! ಎಡಕ್ಕೆ ತಗೊಳ್ಳಿ ಟೀಚರಮ್ಮ! ನಿಲ್ಲಿಸಿ!" ಖಮ್‌ಪಾನ್ ಕಿರುಚಿದ. ಅವನ ಗಂಟಲಿನಿಂದ ಅಂಥ ದನಿ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ.

ವ್ಯಾನ್ ರಸ್ತೆಯ ಪಕ್ಕ ಕಲ್ಲಿಗೆ ತಾಗಿ ನಿಂತಿತು. ಎದುರಿನ ಲಾರಿ ಸುಯ್ಯೆಂದು ದಾಟಿಹೋಯಿತು. ಹಿಂದೆ ಯಾವುದೋ ಮಗು ಅಳತೊಡಗಿತು.

"ಮತ್ತೆ ಇಲಿನಾ?" ಎಂದರು ಟೀಚರಮ್ಮ.

ಖಮ್‌ಪಾನ್ ತಿರುಗಿ ಮಕ್ಕಳ ಮುಖ ನೋಡಿದ. "ಅಲ್ಲ ಟೀಚರಮ್ಮ. ನೀವು. ಆ ನೀರು ಅದ್ರಲ್ಲಿ ಹಾಕ್ಬಾರದು."

"ಮೊದಲ್ನೇ ಸಲಾನೂ?"

"ಹೂಂ."

"ಮತ್ತೆ ಯಾಕೋ ಹೇಳ್ಲಿಲ್ಲ?"

ಟೀಚರಮ್ಮ ಎಂಜಿನ್ ಆರಿಸಿದರು. ಆಮೇಲೆ, "ಬೋರ್ಡಿನ ಮೇಲೆ ನಾನು ಲೆಕ್ಕ ತಪ್ಪು ಬರೆದಾಗ ಎದ್ದು ನಿಂತು ಹೇಳಿದ ಹುಡುಗ ಒಬ್ಬನಿದ್ದ. ಸಂಜೆವರೆಗೂ ಬಿಸಿಲಲ್ಲಿ ನಿಲ್ಲಿಸಿದ್ದೆ. ಅದು ನೀನಲ್ವೇನೋ?" ಎಂದರು.

"ಇಲ್ಲ ಟೀಚರಮ್ಮ. ಬೇರೆ ಯಾರೋ ಇರ್ಬೇಕು."

"ಇವನೇ," ಎಂದೆ ನಾನು. "ನಾನು ಪಕ್ಕದ ಬೆಂಚಲ್ಲೇ ಕೂತಿದ್ದೆ."

ಟೀಚರಮ್ಮ ಸೀಟಿನ ಕೆಳಗಿಂದ ಆ ತಿಂಗಳ ಮಂತ್ರದ ನೀರಿನ ಕ್ಯಾನ್ ಎತ್ತಿಕೊಂಡು ಮಳೆಯಲ್ಲೇ ಇಳಿದರು. ಖಮ್‌ಪಾನನನ್ನೂ ಇಳಿಸಿದರು. ಹೊಸ ವರ್ಷಕ್ಕೆ ಕಿರಿಯರು ಹಿರಿಯರ ಕೈಗೆ ಸೀಗೆ ನೀರು ಹೊಯ್ದು, ತಪ್ಪಾಗಿದ್ದರೆ ಮನ್ನಿಸಿ ಎನ್ನುವುದು ನಮ್ಮ ಪದ್ಧತಿ. ಹಿರಿಯರು ಕಿರಿಯರ ಕೈಗೆ ಹೊಯ್ದದ್ದನ್ನು ನಾನೂ ಕಂಡಿಲ್ಲ, ನಮ್ಮಜ್ಜಿಯೂ ಕಂಡಿರಲಾರಳು.

"ಬೇಡ ಟೀಚರಮ್ಮ, ನನಗೆ ಪಾಪ ಬರುತ್ತೆ, ಬೇಡ!"

"ಕೈ ಹಿಡಿ!" ಎಂದು ಗದರಿದರು. ಅವನು ಗ್ರೀಸಿನ ಕೈಗಳನ್ನು ಚಾಚಿದ. ಅವರು ಸೀಗೆಕಾಯಿ ಸಮೇತ ಕ್ಯಾನ್ ಪೂರ್ತಿ ಹೊಯ್ದು, "ತಪ್ಪಾಯ್ತು ಕಣಪ್ಪಾ" ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ಸುಟ್ಟ ಫ್ಯೂಸಿನ ಜಾಗಕ್ಕೆ ಹೊಸದನ್ನು ತಾವೇ ಹಾಕುವುದಾಗಿ ಹಟ ಹಿಡಿದು, ಬಗ್ಗಿ, ಬೇರೆ ಯಾವುದೋ ತೂತಿಗೆ ತುರುಕತೊಡಗಿದರು. ಖಮ್‌ಪಾನ್ ನನ್ನ ಕಡೆ ನೋಡಿದ.

"ತಪ್ಪು ಟೀಚರಮ್ಮ," ಎಂದ. "ಅದರ ಪಕ್ಕದ್ದು."

ಟೀಚರಮ್ಮ ಅದನ್ನು ತೆಗೆದು ಪಕ್ಕದ್ದಕ್ಕೆ ಹಾಕಿದರು.