ಫ್ಲೆಕ್ಸ್ ಬಿಟ್ಟು ಬ್ರಶ್ ಹಿಡಿದದ್ದು

ಸಾಂಗಲಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೂತು ನಾನು ಹನ್ನೊಂದು ವರ್ಷ ಗಂಡಸರ ಮುಖ ಬೆಳ್ಳಗೆ ಮಾಡಿದೆ. ಆ ಕೆಲಸಕ್ಕೆ ಡಿಸೈನರ್ ಅಂತ ಹೆಸರು. ಬೆಳಿಗ್ಗೆ ಮಿರಜದಿಂದ ಸಿಟಿ ಬಸ್ಸು ಹಿಡಿದು ಬಂದು ಕಂಪ್ಯೂಟರ್ ಹಚ್ಚಿದರೆ ಸಾಕು, ಯಾವುದೋ ಗಲ್ಲಿಯ ಯಾವನೋ ದಾದಾನ ಹುಟ್ಟುಹಬ್ಬ ಕಾಯುತ್ತಿರುತ್ತಿತ್ತು. ಕರಿ ಕನ್ನಡಕ, ಕೊರಳಲ್ಲಿ ಎತ್ತು ಕಟ್ಟುವಷ್ಟು ದಪ್ಪ ಸರ, ಕಿವಿಗೆ ಮೊಬೈಲು. ಫೋಟೋದಲ್ಲಿ ಆತ ಯಾರ ಜೊತೆ ಮಾತಾಡುತ್ತಿದ್ದನೋ ಆತನಿಗೂ ಗೊತ್ತಿರಲಿಕ್ಕಿಲ್ಲ. ಕುತ್ತಿಗೆಯ ಕಪ್ಪು ತೆಗೆಯಬೇಕು, ಹೊಟ್ಟೆ ಒಳಗೆ ತಳ್ಳಬೇಕು, ಹಿಂದೊಂದು ಹುಲಿ ನಿಲ್ಲಿಸಬೇಕು. ಕೆಳಗೆ ಶುಭ ಕೋರುವ ಮಿತ್ರಮಂಡಳಿಯ ಮೂವತ್ತು ನಲವತ್ತು ಮುಖ, ಅಂಚೆಚೀಟಿಯಷ್ಟಷ್ಟು. ಯಾರ ಮುಖ ಯಾರಿಗಿಂತ ಮೇಲೆ ಬರಬೇಕು ಎಂದು ಅಂಗಡಿಯಲ್ಲೇ ಅಂಗಿ ಹಿಡಿದು ಜಗಳಾಡಿದ್ದನ್ನು ನೋಡಿದ್ದೇನೆ. ತಮ್ಮ ಓಣಿಯ ಗಟಾರವನ್ನು ಬಗ್ಗಿ ನೋಡದವರು ಹೆಸರಿನ ಮುಂದೆ ‘ಕಾರ್ಯಸಮ್ರಾಟ’ ಎಂದು ಹಾಕಿಸಿಕೊಳ್ಳುತ್ತಿದ್ದರು. ನಾನು ಹಾಕಿ ಕೊಡುತ್ತಿದ್ದೆ. ಅವರನ್ನು ನೋಡಿ ಒಳಗೊಳಗೆ ನಗುತ್ತಿದ್ದೆ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ನಗುತ್ತಲೇ ಹನ್ನೊಂದು ವರ್ಷ ಅವರ ಚಾಕರಿ ಮಾಡಿದವಳು ಅವರಿಗಿಂತ ಯಾವ ರೀತಿ ಮೇಲು?

ಅಂಗಡಿಯ ಮಾಲಕ ನಮ್ಮ ಕಡೆಯವನೇ. ನಮ್ಮಪ್ಪ ಹಮಾಲಿ ಮಾಡಲು ಅಥಣಿ ಕಡೆಯಿಂದ ಮಿರಜಕ್ಕೆ ಬಂದ ಹಾಗೆ, ಅವನ ಅಜ್ಜನೂ ಹೊಟ್ಟೆಪಾಡಿಗೆ ಬಂದವನು. ಆದರೆ ಗಿರಾಕಿಗಳ ಮುಂದೆ ಅವನ ಬಾಯಿಂದ ಕನ್ನಡದ ಒಂದು ಅಕ್ಷರ ಹೊರಬೀಳುತ್ತಿರಲಿಲ್ಲ. ದಾದಾಗಳಿಗೆ ಮರಾಠಿ, ಅದೂ ಬೆಲ್ಲ ಹಚ್ಚಿದ ಮರಾಠಿ. ಕನ್ನಡ ಬೇಕಾಗುತ್ತಿದ್ದದ್ದು ನನ್ನನ್ನು ಬೈಯಲು. ಒಮ್ಮೆ ನಾನು ಹುಲಿ ತೆಗೆದು, ವಿಶೇಷಣಗಳನ್ನೂ ತೆಗೆದು, ಹೆಸರಿನ ಸುತ್ತ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದೆ. ನನಗದು ಚೆಂದ ಕಂಡಿತ್ತು.

“ಇದೇನ ಬಯಲು ಬಿಟ್ಟಿ?” ಅಂದ. “ಇಲ್ಲೆ ಎಮ್ಮಿ ಮೇಸೂದೈತೇನು? ತುಂಬು.”

ತುಂಬಿದೆ. ಮತ್ತೆ ಖಾಲಿ ಬಿಡಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬ ಮುದುಕರು ಬಂದರು. ಕವಲಾಪುರದವರು. ಬಿಳಿ ಟೋಪಿ, ಉಗುರುಗಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ನೀಲಿ ಬಣ್ಣ. ಹೆಂಡತಿ ಎರಡು ದಿನದ ಹಿಂದೆ ತೀರಿಕೊಂಡಿದ್ದಳು. ಮಕ್ಕಳು ಶ್ರದ್ಧಾಂಜಲಿಯ ಫ್ಲೆಕ್ಸ್ ಆಗಲೇಬೇಕು ಎಂದು ಹಟ ಹಿಡಿದು ಕಳಿಸಿದ್ದರಂತೆ. ಕಿಸೆಯಿಂದ ರೇಶನ್ ಕಾರ್ಡಿಗೆ ಅಂಟಿಸುವ ಅಳತೆಯ ಹಳೆಯ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ನಾನು ಎಂದಿನಂತೆ ಸಿದ್ಧವಿದ್ದ ನಮೂನೆ ತೆರೆದೆ. ಎರಡು ಸಮೆ ದೀಪ, ಗುಲಾಬಿ ಹೂವು, ಮೇಲಿನ ಮೂಲೆಯಲ್ಲಿ ಮುಂದಿನ ಚುನಾವಣೆಗೆ ನಿಲ್ಲುವ ಸಾಂಗಲಿಯ ಭಾವಿ ನಗರಸೇವಕನೊಬ್ಬನ ಮುಖ, ಕೆಳಗೆ ‘ಶೋಕಾಕುಲ’.

“ಇಂವ ಯಾರು?” ಮರಾಠಿಯಲ್ಲಿ ಕೇಳಿದರು.

ಮಾಲಕ ಮರಾಠಿಯಲ್ಲಿ ವಿವರಿಸಿದ. ದಾದಾನ ಫೋಟೋ ಇದ್ದರೆ ಫ್ಲೆಕ್ಸಿಗೆ ವಜನ ಬರುತ್ತದೆ, ಯಾರೂ ಕಿತ್ತು ಹಾಕುವುದಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಲಗೂ ಮುಗಸು, ಈ ಮುದಕನ ಕೂಡ ಕುಂದ್ರಬ್ಯಾಡ” ಅಂದ.

ಮುದುಕರು ತಣ್ಣಗೆ ಕನ್ನಡದಲ್ಲೇ ಅಂದರು: “ಕುಂದ್ರಾಕ ನಾನೂ ಬಂದಿಲ್ಲರಿ.” ಮಾಲಕನ ಮುಖ ಸಣ್ಣದಾಯಿತು. ಮುದುಕರು ಪರದೆಯ ಹತ್ತಿರ ಬಗ್ಗಿ ಹೆಂಡತಿಯ ಹೆಸರನ್ನು ಬಹಳ ಹೊತ್ತು ನೋಡಿದರು.

“ಈ ಅಕ್ಷರ ಯಾರು ಬರದದ್ದು, ತಂಗಿ?”

“ಕಂಪ್ಯೂಟರ್ ರಿ, ಕಾಕಾ.”

“ಹಂಗಾದ್ರ ಕಂಪ್ಯೂಟರೇ ಅಳಲಿ ಬಿಡು.” ಫೋಟೋ ಎತ್ತಿಕೊಂಡು ಹೊರಟುಹೋದರು.

ಎರಡು ದಿನದ ನಂತರ ಮಾಲಕ ನನ್ನನ್ನು ಕವಲಾಪುರಕ್ಕೆ ಕಳಿಸಿದ. ಅದೇ ಭಾವಿ ನಗರಸೇವಕನಿಗೆ ಅಲ್ಲಿ ನೆಂಟರಿದ್ದರು, ಊರ ಚೌಕಿನಲ್ಲಿ ಹುಟ್ಟುಹಬ್ಬದ ದೊಡ್ಡ ಫ್ಲೆಕ್ಸ್ ನಿಲ್ಲಬೇಕಿತ್ತು. ಜಾಗದ ಅಳತೆ ತರಬೇಕು. ಟೇಪು ಹಿಡಿದು ಹೋದೆ. ಚೌಕಿನಲ್ಲಿ ಎರಡು ಕಂಬಗಳ ನಡುವೆ ಊರಿನ ಸುದ್ದಿ ಬರೆಯುವ ಕರಿ ಹಲಗೆ ಇತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಆ ಮುದುಕರ ಹೆಂಡತಿಯ ಹೆಸರು. ಕೆಳಗೆ ಮರಾಠಿಯಲ್ಲಿ ಎರಡೇ ಸಾಲು: ಸೋಮವಾರ ಬೆಳಿಗ್ಗೆ ತೀರಿಕೊಂಡಳು, ಹತ್ತನೆಯ ದಿನದ ವಿಧಿ ಮನೆಯಲ್ಲೇ. ಹೂವಿಲ್ಲ, ಸಮೆ ಇಲ್ಲ. ಪ್ರತಿ ಅಕ್ಷರದ ಬಲಮಗ್ಗುಲಿಗೆ ಕೂದಲೆಳೆಯಷ್ಟು ಹಳದಿ ನೆರಳು. ಹೆಸರಿನ ಸುತ್ತ ಹಲಗೆಯ ಅರ್ಧದಷ್ಟು ಜಾಗ ಖಾಲಿ. ದಾರಿಯಲ್ಲಿ ಹೋಗುವವರು ಅದರ ಮುಂದೆ ಚಪ್ಪಲಿ ಕಳಚಿ ನಿಂತು ಮುಂದೆ ಹೋಗುತ್ತಿದ್ದರು. ನಾನು ಮಾಡಿದ ಸಾವಿರ ಫ್ಲೆಕ್ಸುಗಳ ಮುಂದೆ ಒಬ್ಬರೂ ಹಾಗೆ ನಿಂತದ್ದನ್ನು ಕಂಡಿರಲಿಲ್ಲ.

ಆ ಎರಡು ಕಂಬಗಳ ಅಳತೆಯನ್ನೇ ನಾನು ತೆಗೆದುಕೊಂಡು ಬಂದೆ. ಅಲ್ಲಿ ಜಾಗ ಇಲ್ಲ ಎನ್ನಬಹುದಿತ್ತು, ಹಲಗೆ ಇದೆ ಎನ್ನಬಹುದಿತ್ತು. ಅನ್ನಲಿಲ್ಲ. ಮುಂದಿನ ಮಂಗಳವಾರ, ಹತ್ತನೆಯ ದಿನ ಬರುವ ಮೊದಲೇ, ದಾದಾ ತನ್ನ ಹುಲಿಯ ಸಮೇತ ಆ ಹೆಸರಿನ ಮೇಲೆ ಬಂದು ನಿಂತ. ಅವನ ಕುತ್ತಿಗೆ ಬೆಳ್ಳಗೆ ಮಾಡಿದವಳು ನಾನೇ.

ಭಾನುವಾರ ಕೇಳುತ್ತಾ ಹೋಗಿ ಆ ಕಾಕಾರ ಮನೆ ಹುಡುಕಿದೆ. ಹಲಗೆಯ ಮೇಲಿನ ಆ ಹೆಸರನ್ನೂ ಊರಿನ ಅರ್ಧ ಅಂಗಡಿಗಳ ಬೋರ್ಡುಗಳನ್ನೂ ಬರೆದವರು ಅವರೇ ಎಂದು ಆಗ ತಿಳಿಯಿತು. ಫ್ಲೆಕ್ಸ್ ಬಂದ ಮೇಲೆ ಕಬ್ಬಿನ ಟ್ರಾಲಿಗಳ ಮೇಲೆ ಹೆಸರು ಬರೆಯುವುದಷ್ಟೇ ಉಳಿದಿತ್ತು. ಅಂಗಳದಲ್ಲಿ ಡಬ್ಬಿಯೊಂದರಲ್ಲಿ ಬ್ರಶ್ ತೊಳೆಯುತ್ತ ಕೂತಿದ್ದರು. ನಾನು ತಡವರಿಸುತ್ತಾ ಎಲ್ಲ ಹೇಳಿದೆ. ತಲೆ ಎತ್ತದೆ ಕೇಳಿದರು.

“ಕ್ಷಮಾ ಕೇಳಾಕ ಬಂದೀಯೋ, ಕಲಿಯಾಕ ಬಂದೀಯೋ? ಕ್ಷಮಾ ಆದ್ರ ಹೋಗು. ನನಗ ಕೆಲಸ ಐತಿ.”

ಕಲಿಯುವ ಯೋಚನೆಯೇ ನನಗಿರಲಿಲ್ಲ. ಆದರೂ “ಕಲಿಯಾಕ ಬಂದೇನ್ರಿ” ಅಂದುಬಿಟ್ಟೆ.

ಅಂದಿನಿಂದ ಭಾನುವಾರಗಳೆಲ್ಲ ಕವಲಾಪುರದಲ್ಲೇ. ಕಾಕಾ ಪ್ರೀತಿಯಿಂದ ಕಲಿಸುವ ಗುರು ಅಲ್ಲವೇ ಅಲ್ಲ. ಎರಡು ತಿಂಗಳು ತಗಡಿನ ಮೇಲೆ ನೆಟ್ಟಗೆ ಗೆರೆ ಎಳೆಸಿದರು, ಗೆರೆ ಬಿಟ್ಟು ಇನ್ನೇನಿಲ್ಲ. “ಮೌಸ್ ಹಿಡದು ಹಿಡದು ಕೈ ಸತ್ತೈತಿ ನಿಂದು” ಎನ್ನುವರು. ಮೊದಲ ಸಲ ಸಮಡೋಳಿಯ ಒಂದು ಟ್ರಾಲಿ ನನ್ನ ಕೈಗೆ ಕೊಟ್ಟಾಗ ಅಂದಾಜು ತಪ್ಪಿ ಕೊನೆಯ ಎರಡು ಅಕ್ಷರ ಅಂಚಿಗೆ ಬಂದು ಮುದುಡಿಕೊಂಡವು. ಕಾಕಾ ನೋಡಿ, “ಜಾತ್ರಿ ಎಸ್.ಟಿ. ಬಸ್ಸಿನಾಗ ಮಂದಿ ಕುಂತಂಗ ಕುಂತಾವ” ಎಂದು ಸೀಮೆಎಣ್ಣೆ ಬಟ್ಟೆಯಿಂದ ಇಡೀ ಸಾಲು ಒರೆಸಿದರು. ನಾನು ಸಿಟ್ಟಿನಲ್ಲಿ ಮತ್ತೆ ಬರೆದೆ. ಮೂರನೆಯ ಸಲ ಒರೆಸಲಿಲ್ಲ. ಆ ದಿನ ಮಿರಜದ ತನಕ ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲಿಲ್ಲ.

ಅಂಗಡಿ ಬಿಟ್ಟದ್ದು ಮಹಿಳಾ ದಿನದ ಮುನ್ನಾದಿನ. ದಾದಾನೊಬ್ಬ ನಾರೀಶಕ್ತಿಗೆ ನಮನ ಸಲ್ಲಿಸುವ ಫ್ಲೆಕ್ಸ್ ಮಾಡಿಸಲು ಬಂದಿದ್ದ. ಹದಿನಾಲ್ಕು ಫೋಟೋ ಕೊಟ್ಟ. ಹದಿನಾಲ್ಕೂ ಗಂಡಸರು, ಹತ್ತು ಮೀಸೆ. “ಇದರಲ್ಲಿ ಹೆಣ್ಣು ಎಲ್ಲಿ?” ಎಂದು ಮರಾಠಿಯಲ್ಲಿ ಕೇಳಿದೆ. ಆತ ಮಾಲಕನ ಮುಖ ನೋಡಿದ, ಮಾಲಕ ಅವನ ಮುಖ ನೋಡಿದ. ಕೊನೆಗೆ ದಾದಾನೇ, ಇಂಟರ್ನೆಟ್ಟಿನಿಂದ ಯಾವುದಾದರೂ ಒಂದನ್ನು ತೆಗೆದು ಹಾಕು, ಸಣ್ಣದು ಸಾಕು, ಅಂದ. ನಾನು ಯಾವುದೋ ದೇಶದ, ಹಲ್ಲು ಬಿಟ್ಟು ನಗುವ ಒಬ್ಬಳನ್ನು ಮೂಲೆಯಲ್ಲಿ ಅಂಟಿಸಿದೆ. ಅವನಿಗೆ ಬಹಳ ಮೆಚ್ಚಿಗೆಯಾಯಿತು. ಅವನು ಹೋದ ಮೇಲೆ ಕಂಪ್ಯೂಟರ್ ಆರಿಸಿ, ನಾಳೆಯಿಂದ ಬರುವುದಿಲ್ಲ ಎಂದೆ.

“ಬ್ಯಾರೆ ಅಂಗಡಿ ಹಿಡದಿ?”

“ಇಲ್ರಿ. ಟ್ರಾಲಿ ಮ್ಯಾಲ ಹೆಸರ ಬರೀತೇನಿ.”

ಮಾಲಕ ಕುರ್ಚಿಯಲ್ಲೇ ಹಿಂದಕ್ಕೆ ವಾಲಿ ನಕ್ಕ. “ಎಂಟ ದಿನದಾಗ ಬರತಿ ನೋಡು. ಬಂದಾಗ ನಿನ್ನ ಈ ಖುರ್ಚಿ ಇರೂದಿಲ್ಲ.” ಆ ಖುರ್ಚಿಯ ಒಂದು ಕಾಲು ಮುರಿದು ನಾಲ್ಕು ವರ್ಷವಾಗಿತ್ತು, ಇಟ್ಟಿಗೆ ಕೊಟ್ಟು ಕೂರುತ್ತಿದ್ದೆ.

ಮನೆಯಲ್ಲಿ ಅವ್ವ ಒಣದ್ರಾಕ್ಷಿ ಆರಿಸುವ ಕೂಲಿಗೆ ಹೋಗುತ್ತಿದ್ದಳು. ಅವಳಿಗೆ ನನ್ನ ಏಸಿ ಅಂಗಡಿಯ ಕೆಲಸ ದೊಡ್ಡ ಹೆಮ್ಮೆ.

“ಹೆಣ್ಣಮಗಳಾಗಿ ಟ್ರಾಲಿ ಹತ್ತಿ ಕುಂದ್ರತಿ? ಮಂದಿ ಏನ ಅಂದಾರು?”

“ಹನ್ನೊಂದು ವರ್ಷ ಮಂದಿ ಮಾರಿ ತೊಳದೇನಿ, ಅವ್ವಾ. ಅನ್ಲಿ.”

ಅವ್ವ ಎರಡು ತಿಂಗಳು ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಮನೆ ಮಾತ್ರ ಅವಳ ಕೂಲಿಯ ಮೇಲೆಯೇ ನಡೆಯಿತು. ಇದನ್ನು ನಾನು ಮರೆಮಾಚುವುದಿಲ್ಲ. ಈಗ ಕೆಲವರು ನನ್ನ ವಿಡಿಯೋ ಮಾಡಲು ಬರುತ್ತಾರೆ, ‘ಮನಸ್ಸಿನ ಮಾತು ಕೇಳಿದ ಮಹಿಳೆ’ ಎಂದು. ಮನಸ್ಸು ನನಗೆ ಏನೂ ಹೇಳಿರಲಿಲ್ಲ. ಹೇಳಿದ್ದೆಲ್ಲ ಕಾಕಾ, ಅದೂ ಬೈದು. ಇಂಥವರಿಗೆ ಅವ್ವನ ಕೂಲಿಯ ಕಥೆ ಬೇಡ. ಅದನ್ನು ಕತ್ತರಿಸಿ, ನಾನು ಸೂರ್ಯನ ಕಡೆ ನೋಡುತ್ತ ಬ್ರಶ್ ಎತ್ತುವುದನ್ನು ಮೂರು ಸಲ ಮಾಡಿಸುತ್ತಾರೆ. ಒಬ್ಬನಿಗೆ ಮಾಡಿ ತೋರಿಸಿದೆ. ಆಮೇಲೆ ಬಂದವರನ್ನು ವಾಪಸು ಕಳಿಸಿದ್ದೇನೆ.

ಕನ್ನಡ ನನಗೆ ಮನೆಯ ಮಾತು, ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರ ಬರುತ್ತಿರಲಿಲ್ಲ. ಗಡಿಯ ಎರಡೂ ಕಡೆ ಬೋರ್ಡು ಬರೆದಿದ್ದ ಕಾಕಾರಿಗೆ ಬರುತ್ತಿತ್ತು. ಮರಾಠಿ ಅಕ್ಷರ ಹಗ್ಗಕ್ಕೆ ನೇತುಹಾಕಿದ ಬಟ್ಟೆಯ ಹಾಗೆ, ಗೆರೆ ಸಿಕ್ಕರೆ ಆಯಿತು. ಕನ್ನಡದ್ದು ಹಾಗಲ್ಲ, ಒಂದೊಂದಕ್ಕೂ ಬೇರೆ ಬೇರೆ ಹೊಟ್ಟೆ, ಬೇರೆ ಬೇರೆ ಬೆನ್ನು. ಬ್ರಶ್ಶನ್ನು ಎತ್ತದೆ ತಿರುಗಿಸಬೇಕು. ಹೋದ ಚಳಿಗಾಲವಿಡೀ ಅದನ್ನೇ ತಿದ್ದಿದೆ. ಬರೆಯಲು ಬಂದ ಮೇಲೆ ಓದಲೂ ಬಂತು. ಇದನ್ನು ಬರೆಯುತ್ತಿರುವುದೂ ಅದೇ ಅಕ್ಷರಗಳಲ್ಲಿ.

ಈ ವರ್ಷ ಬೇಡಗದ ಒಂದು ಕುರಿ ಸಾಕುವ ಮನೆಯವರು ಟೆಂಪೋ ಕೊಂಡರು. ಮುಂದುಗಡೆ ‘ಶ್ರೀ ಬೀರಲಿಂಗೇಶ್ವರ ಪ್ರಸನ್ನ’ ಎಂದು ಕನ್ನಡದಲ್ಲೇ ಬೇಕೆಂದರು. ಕಾಕಾ ಮೊಣಕಾಲು ನೋವೆಂದು ಬರಲಿಲ್ಲ, ಒಬ್ಬಳೇ ಹೋದೆ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಹಿಡಿಯಿತು. ಮನೆಯ ಮುದುಕಿ ಹೊಸ್ತಿಲಲ್ಲಿ ಕೂತು ಉಣ್ಣೆ ಬಿಡಿಸುತ್ತ ನೋಡುತ್ತಿದ್ದಳು. ಮುಗಿದ ಮೇಲೆ ಎದ್ದು ಬಂದು ಟೆಂಪೋದ ಮುಂದೆ ನಿಂತಳು.

“ಓದಾಕ ಬರೂದಿಲ್ಲವ್ವಾ ನನಗ,” ಅಂದಳು. “ಖರೇ, ಮೇದು ಬಂದು ಮಲಗಿದ ಕುರಿ ಹಂಗ ಅದಾವ.”

ಒಂದು ಲೋಟ ಮಜ್ಜಿಗೆ ತಂದು ಕೊಟ್ಟಳು. ಕುಡಿದು, ಬ್ರಶ್ ತೊಳೆದುಕೊಂಡು, ಹಿಂದಿನ ಬಾಗಿಲಿನ ಮೇಲೆ ಬರೆಯುವ ಮೊದಲು ಗೆರೆ ಹೊಡೆಯಲು ದಾರಕ್ಕೆ ಸುಣ್ಣ ಹಚ್ಚತೊಡಗಿದೆ.